ಹುಳ ಬದುಕುವ ಗಾಳಿ

ಬಾಡಿಗೆ ಮನೆ ಹುಡುಕುವವರು ಬ್ರೋಕರ್ ಹತ್ತಿರ ಏನು ಕೇಳುತ್ತಾರೆ? ನೀರಿರಬೇಕು, ರಸ್ತೆ ಚೆನ್ನಾಗಿರಬೇಕು, ಬಾಗಿಲು ಪೂರ್ವಕ್ಕಿರಬೇಕು. ನಾನು ಕೇಳಿದ್ದು ಕೆಟ್ಟ ರಸ್ತೆ. ಚಿಕ್ಕಬಳ್ಳಾಪುರದ ಬ್ರೋಕರ್ ಸ್ಕೂಟರಿನ ಮೇಲೆ ಕೂತೇ ಮಾತಾಡುತ್ತಿದ್ದವರು ಇಳಿದು ನಿಂತರು.

"ರಸ್ತೆ ಕೆಟ್ಟಿರಬೇಕಾ ಮೇಡಂ?"

"ಹೂಂ. ಗೇಟು ದಾಟಿದ್ರೆ ಮಣ್ಣು, ಮಣ್ಣು ದಾಟಿದ್ರೆ ಬಂಡೆ, ಬಂಡೆ ದಾಟಿದ್ರೆ ಬೆಟ್ಟ. ಟಾರು ಕಣ್ಣಿಗೆ ಬೀಳಬಾರದು."

ಅವರು ನನ್ನ ಗಂಡ ಗಿರೀಶನ ಮುಖ ನೋಡಿದರು. ಗಿರೀಶ ಆಕಾಶ ನೋಡಿದ. ಮದುವೆಯಾದಾಗಿನಿಂದ ಇಂಥ ಸಂದರ್ಭಗಳಲ್ಲಿ ಅವನು ಆಕಾಶವನ್ನೇ ನೋಡುವುದು.

ನಾನು ಯಲಹಂಕದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಗಿರೀಶ ಅಲ್ಲೇ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುತ್ತಾನೆ. ಮೂವತ್ತೈದು ದಾಟಿದ ಮೇಲೆ ನನಗೆ ಬೆಟ್ಟದ ಸೈಕಲ್ಲಿನ ಹುಚ್ಚು ಹಿಡಿಯಿತು. ದಪ್ಪ ಟಯರಿನ, ಮುಂದೆ ಸ್ಪ್ರಿಂಗ್ ಇರುವ ಗೇರ್ ಸೈಕಲ್ಲು. ಕಲ್ಲಿನ ಮೇಲೆ ಹತ್ತಿಸಬೇಕು, ಕೊರಕಲಿನಲ್ಲಿ ಇಳಿಸಬೇಕು, ಬೀಳಬೇಕು, ಮಣ್ಣು ಕೊಡವಿಕೊಂಡು ಮತ್ತೆ ಹತ್ತಬೇಕು. ಭಾನುವಾರ ಬಂತೆಂದರೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬೆಟ್ಟ ಹುಡುಕಿ ಹೋಗುವುದು, ವಾಪಸ್ಸು ಬರುವಾಗ ಟ್ರಾಫಿಕ್ಕಿನಲ್ಲಿ ಕೂತು ಆ ಸಂತೋಷವನ್ನೆಲ್ಲ ಕಳೆದುಕೊಳ್ಳುವುದು. ಕೊನೆಗೆ ಬೆಟ್ಟದ ಹತ್ತಿರವೇ ಇದ್ದುಬಿಟ್ಟು, ಯಲಹಂಕಕ್ಕೆ ಕೆಲಸಕ್ಕೆ ಹೋಗಿಬರೋಣ ಎಂದು ತೀರ್ಮಾನಿಸಿದೆವು. ತೀರ್ಮಾನಿಸಿದೆವು ಅನ್ನುವುದು ಮರ್ಯಾದೆಯ ಮಾತು. ತೀರ್ಮಾನಿಸಿದ್ದು ನಾನು.

ಗೌರಿಬಿದನೂರಿನ ಕಡೆ ನೋಡಿದೆವು. ರೈಲಿತ್ತು, ಆದರೆ ನನಗೆ ಬೇಕಾದ ಬಂಡೆ ಮನೆಯಿಂದ ದೂರವಿತ್ತು. ಚಿಂತಾಮಣಿಯ ಹತ್ತಿರ ಅಂಬಾಜಿದುರ್ಗದ ಬಂಡೆಗಳನ್ನು ಕಂಡು ನನಗೆ ಅಳುವೇ ಬಂತು, ಅಷ್ಟು ಚೆನ್ನಾಗಿದ್ದವು. ಆದರೆ ಅಲ್ಲಿಂದ ದಿನಾ ಯಲಹಂಕಕ್ಕೆ ಓಡಾಡಿದರೆ ಬದುಕೆಲ್ಲ ಬಸ್ಸಿನಲ್ಲೇ. ಸಾಲದ್ದಕ್ಕೆ ಚಿಂತಾಮಣಿ ನನ್ನ ತವರು. ನಾನು ಬೀಳುವುದನ್ನು ಅಮ್ಮ ದಿನಾ ನೋಡಬೇಕಾಗುತ್ತಿತ್ತು. ಮುದ್ದೇನಹಳ್ಳಿಯ ಸುತ್ತ ರಸ್ತೆಗಳು ಆಗಲೇ ನುಣ್ಣಗಾಗಿದ್ದವು. ಪೆರೇಸಂದ್ರದಲ್ಲಿ ಹೈವೇ ಪಕ್ಕ ಒಂದು ಮನೆ ತೋರಿಸಿದರು. ಲಾರಿಗಳು ಕಿಟಕಿ ಅಲುಗುವಂತೆ ಹೋಗುತ್ತಿದ್ದವು. ನಾನು ಮೂಗಿಗೆ ದುಪಟ್ಟಾ ಹಿಡಿದುಕೊಂಡು, "ಈ ಹೊಗೇಲಿ ಮನುಷ್ಯರು ಇರ್ತಾರಾ?" ಅಂದೆ. ಆ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನಂತೂ ದಿನಾ ನೆನಪಿಸಿಕೊಳ್ಳುತ್ತೇನೆ.

ಕೊನೆಗೆ ಸಿಕ್ಕಿದ್ದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿ, ರತ್ನಮ್ಮ ಮತ್ತು ಆಂಜನಪ್ಪ ಎಂಬ ದಂಪತಿಯ ಮನೆ. ಅವರು ಹಿಂದಿನ ಭಾಗದಲ್ಲಿ ಇದ್ದರು, ಮುಂದಿನ ಭಾಗ ಬಾಡಿಗೆಗೆ. ಪಕ್ಕದಲ್ಲಿ ಉದ್ದನೆಯ ಶೀಟಿನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಮನೆಯ ಮುಂದೆ ಹಿಪ್ಪುನೇರಳೆ ತೋಟ, ತೋಟದಾಚೆ ಕೆರೆಯ ಏರಿ, ಏರಿಯಾಚೆ ನೀಲಗಿರಿ ತೋಪು, ತೋಪಿನ ಬೆನ್ನಿಗೆ ಬೆಟ್ಟ. ರಸ್ತೆ ನಾನು ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು.

ಆದರೆ ನನ್ನನ್ನು ಗೆದ್ದದ್ದು ರಸ್ತೆಯಲ್ಲ. ಮನೆ ನೋಡಲು ಹೋದ ದಿನ ನಾನು ಹುಳದ ಮನೆಯ ಬಾಗಿಲಲ್ಲಿ ಇಣುಕಿದೆ. ರತ್ನಮ್ಮ ಕೈ ಅಡ್ಡ ಹಿಡಿದರು.

"ಸೆಂಟ್ ಹಾಕ್ಕೊಂಡಿದೀಯೇನಮ್ಮ?"

"ಇಲ್ಲ."

"ಮಲ್ಲಿಗೆ ಹೂವು? ಸೊಳ್ಳೆ ಬತ್ತಿ ಹಚ್ಚಿದ ಮನೆಯಿಂದ ಬಂದಿದೀಯಾ? ನಿಮ್ಮೆಜಮಾನ್ರು ಬೀಡಿ ಸಿಗರೇಟು ಸೇದ್ತಾರಾ?"

ಗಿರೀಶ ಗಾಬರಿಯಿಂದ ತಲೆ ಅಲ್ಲಾಡಿಸಿದ.

"ಆದ್ರೂ ಒಳಗೆ ಬೇಡ. ಕಾಲು ತೊಳ್ಕೊಂಡು, ಈ ಸುಣ್ಣ ತುಳಿದು, ಇಲ್ಲೇ ನಿಂತು ನೋಡು. ನಂ ಹುಳಕ್ಕೆ ಒಂದ್ ಚೂರು ವಾಸ್ನೆ ತಗುಲಿದ್ರೂ ಮೇವು ಬಿಡ್ತಾವೆ."

ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದು ಹೊಸದಲ್ಲ. ನನ್ನ ಅಜ್ಜಿಯ ಮನೆಯಲ್ಲೂ ಹುಳವಿತ್ತು. ಹುಳ ಇರುವಷ್ಟು ದಿನ ದೇವರಿಗೂ ಊದುಬತ್ತಿ ಇರಲಿಲ್ಲ, ಒಗ್ಗರಣೆಗೂ ಹೊಗೆ ಏಳುವಂತಿರಲಿಲ್ಲ. ಅಕ್ಕಪಕ್ಕದ ತೋಟದವರು ಔಷಧಿ ಹೊಡೆಯುವ ಮುಂಚೆ ಬಂದು ಹೇಳಿಹೋಗುತ್ತಿದ್ದರು. ಹಾಗಾಗಿ ನನ್ನ ತಲೆಯಲ್ಲಿ ಲೆಕ್ಕ ತಾನಾಗಿಯೇ ಕೂಡಿಕೊಂಡಿತು. ಇಷ್ಟು ಸೂಕ್ಷ್ಮದ ಹುಳ ಬದುಕುವ ಕಡೆ ಗಾಳಿ ಎಷ್ಟು ಶುದ್ಧವಾಗಿರಬೇಡ! ಸುತ್ತ ಹೊಗೆಯಿಲ್ಲ, ವಿಷವಿಲ್ಲ, ಸೊಳ್ಳೆ ಬತ್ತಿಯೂ ಇಲ್ಲ. ಮಲಗುವ ಕೋಣೆಯ ಕಿಟಕಿ ತೆರೆದರೆ ನೇರ ಹುಳದ ಮನೆಯ ಗವಾಕ್ಷಿಗಳು ಕಾಣುತ್ತಿದ್ದವು. ಇದಕ್ಕಿಂತ ಒಳ್ಳೆಯ ಕಿಟಕಿ ಬೇಕಾ ಎಂದು ಗಿರೀಶನಿಗೆ ಹೇಳಿದೆ. ಅವನು ಸರಿ ಅಂದ. ಬೆಂಗಳೂರಿನವರಿಗಾದರೆ ಈ ಲೆಕ್ಕ ಹೊಳೆಯುತ್ತಲೇ ಇರಲಿಲ್ಲ. ಹುಳ ಕಂಡು ಮೂಗು ಮುಚ್ಚಿಕೊಂಡು ಓಡಿಹೋಗಿ, ಆರೋಗ್ಯವಾಗಿ ಇರುತ್ತಿದ್ದರು.

ಮೊದಲ ಕೆಲವು ತಿಂಗಳುಗಳ ಸುಖವನ್ನು ಏನೆಂದು ಬರೆಯಲಿ. ಬೆಳಿಗ್ಗೆ ಎದ್ದು ಸೈಕಲ್ ತೆಗೆದರೆ ಸೊಪ್ಪು ಕೊಯ್ಯುವ ಹೆಂಗಸರು, "ಟೀಚರಮ್ಮ ಹೊರಟ್ಲು ಬೀಳಕ್ಕೆ" ಎಂದು ನಗುತ್ತಿದ್ದರು. ಏರಿಯ ಮೇಲಿನ ಕಾಲುದಾರಿ, ತೋಪಿನ ಒಣ ಎಲೆಯ ಇಳಿಜಾರು, ಬೆಟ್ಟದ ಬುಡದ ಹಾಸುಬಂಡೆ. ಅಲ್ಲೊಂದು ಏರು ಇತ್ತು, ಆನೆಯ ಬೆನ್ನಿನ ಹಾಗೆ. ಅದನ್ನು ಕಾಲೂರದೆ ಹತ್ತಬೇಕೆಂಬುದೇ ನನ್ನ ಹಟ. ಮುಕ್ಕಾಲು ಹತ್ತಿ ಜಾರುತ್ತಿದ್ದೆ. ಮೊಣಕಾಲು ತರಚಿಕೊಂಡು ಬಂದರೆ ರತ್ನಮ್ಮ ಅರಿಶಿನ ಹಚ್ಚುತ್ತಾ ಬಯ್ಯುತ್ತಿದ್ದರು.

"ಆ ಬಂಡೆ ನಿಂಗೇನಾದ್ರೂ ಅನ್ಯಾಯ ಮಾಡೈತಾ ತಾಯಿ? ದಿನಾ ಹೋಗಿ ಜಗಳ ಆಡ್ಕೊಂಡು ಬರ್ತೀಯಲ್ಲ."

ಸಂಜೆ ಕಾಲೇಜಿನಿಂದ ಬಂದಮೇಲೆ ಹುಳದ ಮನೆಯ ಹೊಸ್ತಿಲ ಹತ್ತಿರ ಕೂತು ಅವರ ಜೊತೆ ಹರಟುವುದು ಅಭ್ಯಾಸವಾಯಿತು. ನಂಬಿಕೆ ಬಂದಮೇಲೆ ಒಳಗೂ ಬಿಟ್ಟರು. ಕಾಲು ತೊಳೆದು, ಹುಳದ ಮನೆಗೆಂದೇ ಇಟ್ಟ ಚಪ್ಪಲಿ ಮೆಟ್ಟಿ, ಎಲೆ ತಿಂದು ಉಳಿದ ಕಡ್ಡಿ ತೆಗೆಯಲು, ಕಸ ಬಳಿಯಲು ಕೈ ಸೇರಿಸುತ್ತಿದ್ದೆ. ನಾಲ್ಕನೇ ಜ್ವರ ಎದ್ದಮೇಲೆ ಹುಳಗಳು ಸೊಪ್ಪು ತಿನ್ನುವ ಸದ್ದು ಕೇಳಬೇಕು ನೀವು, ಶೀಟಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಇಲ್ಲಿಯವರು ಹುಳ ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ. ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಇರುತ್ತವೆ. ಆಗ ಯಾರೂ ಗಟ್ಟಿಯಾಗಿ ಮಾತಾಡುವುದೂ ಇಲ್ಲ.

ನನಗೆ ಜ್ವರ ಬಂದಾಗ ಹಾಗಿರಲಿಲ್ಲ. ಎಲ್ಲರೂ ಮಾತಾಡುವವರೇ.

ಅದು ಸಂಜೆಯ ಜ್ವರ. ಹಗಲೆಲ್ಲ ಚೆನ್ನಾಗಿದ್ದು, ಊಟದ ಹೊತ್ತಿಗೆ ಮೈ ನಡುಕ, ಒಣ ಕೆಮ್ಮು, ಎದೆಯ ಮೇಲೆ ಯಾರೋ ಕೂತ ಹಾಗೆ. ಎರಡು ದಿನ ಮಲಗಿದರೆ ಕಡಿಮೆ, ಮತ್ತೆ ವಾರ ಬಿಟ್ಟು ಅದೇ ಕತೆ. ಚಿಕ್ಕಬಳ್ಳಾಪುರದ ಕ್ಲಿನಿಕ್ಕಿಗೆ ಹೋದೆ. ಹವಾ ಬದಲಾವಣೆ ಅಂದರು. ಮಾತ್ರೆ ಬರೆದರು. ಇನ್ನೊಂದು ಕಡೆ ಧೂಳು ಅಂದರು. ಸಿರಪ್ಪು ಕೊಟ್ಟರು. ಆಮೇಲೆ ಒಂದು ದಿನ ಬೆಟ್ಟದ ಬುಡಕ್ಕೆ ಹೋಗುವ ಮುಂಚೆಯೇ, ಏರಿಯ ಮೇಲೆ, ಉಸಿರು ಸಿಗದೆ ಸೈಕಲ್ಲಿನಿಂದ ಇಳಿದು ಕೂತುಬಿಟ್ಟೆ. ಏರಿ ಸಪಾಟಾಗಿತ್ತು. ಸಪಾಟಿನಲ್ಲಿ ಸೋತದ್ದು ಅದೇ ಮೊದಲು. ತಳ್ಳಿಕೊಂಡು ಬರುವಾಗ ಸೊಪ್ಪು ಕೊಯ್ಯುವವರು ಯಾರೂ ನಗಲಿಲ್ಲ. ನನಗೆ ಭಯವಾದದ್ದು ಆಗ.

ಕಾಯಿಲೆ ಬಿದ್ದವರಿಗೆಲ್ಲ ಗೊತ್ತಿರುತ್ತದೆ, ಆಸ್ಪತ್ರೆಯ ಬೆಂಚು ಒಂದು ಬೇರೆಯೇ ಊರು. ಕಫ ಪರೀಕ್ಷೆಯ ಕೋಣೆಯ ಹೊರಗೆ ಕೂತ ದಿನ ನನ್ನ ಪಕ್ಕ ಒಬ್ಬ ಮುಸ್ಲಿಂ ಅಜ್ಜಿ ಕೂತಿದ್ದರು, ಶಿಡ್ಲಘಟ್ಟದವರು. ನಾನು ಕೆಮ್ಮಿದಾಗೆಲ್ಲ ಆ ಕಡೆ ಸಾಲಿನವರು ಸೆರಗು, ಕರ್ಚೀಫು ಮೂಗಿಗೆ ಹಿಡಿಯುತ್ತಿದ್ದರು. ಆ ಅಜ್ಜಿ ಮಾತ್ರ ಇನ್ನಷ್ಟು ಹತ್ತಿರ ಸರಿದು, ಚೀಲದಿಂದ ಕಲ್ಲುಸಕ್ಕರೆ ತೆಗೆದು ನನ್ನ ಅಂಗೈಗೆ ಹಾಕಿದರು. "ಬಾಯಲ್ಲಿ ಇಟ್ಕೊ ಬೇಟಾ, ಕೆಮ್ಮು ನಿಲ್ಲಲ್ಲ, ಆದ್ರೆ ಬಾಯಿ ಸಿಹಿ ಇರುತ್ತೆ" ಅಂದರು. ಆ ದಿನ ಯಾವ ಔಷಧಿಯೂ ಮಾಡದ ಕೆಲಸವನ್ನು ಆ ಕಲ್ಲುಸಕ್ಕರೆ ಮಾಡಿತು. ಕ್ಷಯ ಅಲ್ಲವೆಂದು ವರದಿ ಬಂತು. ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಅದಾಗಿದ್ದರೆ ಹೆಸರಾದರೂ ಇರುತ್ತಿತ್ತು.

ಅಮ್ಮ ಚಿಂತಾಮಣಿಯಿಂದ ಬಂದಳು. ಬಂದವಳೇ ಬಾಗಿಲ ಪಕ್ಕ ಒರಗಿಸಿದ್ದ ಸೈಕಲ್ ನೋಡಿ, "ಇದೇ! ಇದೇನೇ!" ಅಂದಳು.

"ಏನಮ್ಮ ಇದೇ?"

"ಕಲ್ಲು ಮುಳ್ಳು ಅನ್ನದೆ ಎದೆ ಕುಲುಕಿಸ್ಕೊಂಡು ಓಡಾಡಿದ್ರೆ ಒಳಗಿನ ಅಂಗಾಂಗ ಜಾಗದಲ್ಲಿ ಇರ್ತಾವೇನೇ? ಎಂತ ಚೆಪ್ಪಿನಾ ವಿನಲೇದು, ಎಷ್ಟು ಹೇಳಿದ್ರೂ ಕೇಳಲಿಲ್ಲ! ಹೆಣ್ಣಾಗಿ ಹುಟ್ಟಿದ್ಮೇಲೆ ಅಷ್ಟು ಹಟ ಇರಬಾರ್ದು ಕಣೇ."

ಸೈಕಲ್ಲಿನ ಮೇಲೆ ಹಳೆ ಸೀರೆ ಹೊದಿಸಿಬಿಟ್ಟಳು. ಮನೆಯಲ್ಲಿ ಯಾರೋ ತೀರಿಕೊಂಡು, ಹೊದಿಸಿ ಇಟ್ಟ ಹಾಗೆ ಕಾಣುತ್ತಿತ್ತು. ಗಿರೀಶನಿಗೂ ಒಳಗೊಳಗೇ ಅದೇ ಅನುಮಾನ, ಬಾಯಿಬಿಡಲಿಲ್ಲ ಅಷ್ಟೆ. ಫೋನ್ ಮಾಡಿದ ನೆಂಟರೆಲ್ಲರದೂ ಅದೇ ತೀರ್ಪು. ಕಾಯಿಲೆ ಬಂದವರ ಮೇಲೆ ಎಲ್ಲರಿಗೂ ಒಂದು ಅಧಿಕಾರ ಬರುತ್ತದೆ. ಉಸಿರಿಲ್ಲದವಳು ವಾದ ಮಾಡುವುದು ಹೇಗೆ? ಬಾಯಿ ಜೋರಿನವಳು ಎಂದು ಹೆಸರಾಗಿದ್ದ ನಾನು ಸುಮ್ಮನೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿದರು. ಎಕ್ಸ್‌ರೇ, ಸ್ಕ್ಯಾನು, ರಕ್ತ. ಇನ್ನೂ ಏನೂ ಗೊತ್ತಾಗುವ ಮುಂಚೆಯೇ ನಾನು ಚೇತರಿಸಿಕೊಂಡೆ. ಜ್ವರ ಇಳಿಯಿತು, ಉಸಿರು ಹಗುರಾಯಿತು. ಒಳಗೆ ಸೋಂಕಿರಬಹುದು, ಔಷಧಿಗೆ ಬಗ್ಗಿದೆ ಎಂದು ಕಳಿಸಿದರು. ನಾನು ಗಿರೀಶನಿಗೆ, "ಊರಿನ ಗಾಳಿ ಬಿದ್ರೆ ಪೂರ್ತಿ ಸರಿಹೋಗುತ್ತೆ" ಅಂದೆ. ಕಾರಿಳಿದು ನೇರ ಹೋಗಿ ಹುಳದ ಮನೆಯ ಹೊಸ್ತಿಲಲ್ಲಿ ಕೂತೆ. ರತ್ನಮ್ಮ ಕುರ್ಚಿ ತಂದು ಹಾಕಿದರು, ಗಾಳಿಯಾಡಲೆಂದು ಬಾಗಿಲನ್ನು ಪೂರ್ತಿ ತೆರೆದರು. ಹುಳ ಹಣ್ಣಾಗಿತ್ತು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಗಡಿಬಿಡಿ, ಒಳಗೆ ಒಣಗಿದ ಕಸ ಬಳಿಯುತ್ತಿದ್ದರು. ನಾನು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡೆ. ಆಸ್ಪತ್ರೆಯ ಫಿನಾಯಿಲ್ ವಾಸನೆ ಎದೆಯಿಂದ ಹೊರಗೆ ಹೋಗಲಿ ಅಂತ.

ಸಂಜೆ ಮತ್ತೆ ನಡುಕ.

ಹೀಗೆ ಹೋಗುವುದು ಬರುವುದು ಆಯಿತು. ಅಲ್ಲಿ ಹೋದರೆ ಸುಧಾರಿಸುವುದು, ಇಲ್ಲಿಗೆ ಬಂದರೆ ಬೀಳುವುದು. ನನಗೆ ಅರ್ಥವಾದದ್ದು ಇಷ್ಟೇ, ಆಸ್ಪತ್ರೆಯವರು ಪೂರ್ತಿ ವಾಸಿ ಮಾಡದೆ ಕಳಿಸುತ್ತಿದ್ದಾರೆ. ತೂಕ ಇಳಿಯಿತು. ಬಚ್ಚಲಿಗೆ ಹೋಗಿ ಬರಲು ಗೋಡೆ ಹಿಡಿಯಬೇಕಾಯಿತು. ತಲೆ ಬಾಚಲು ಕೈ ಎತ್ತಿದರೆ ಉಸಿರು ಕಟ್ಟುತ್ತಿತ್ತು, ಅಮ್ಮ ಜಡೆ ಹಾಕುತ್ತಿದ್ದಳು, ಶಾಲೆಗೆ ಹೋಗುವ ಹುಡುಗಿಗೆ ಹಾಕಿದ ಹಾಗೆ. ಕಾಲೇಜಿಗೆ ರಜೆ ಬರೆದೆ. ಬೆಟ್ಟ ಮಾತ್ರ ಕಿಟಕಿಯಿಂದ ಅರ್ಧ ಕಾಣುತ್ತಿತ್ತು, ಇನ್ನರ್ಧವನ್ನು ಹುಳದ ಮನೆಯ ಶೀಟು ಮರೆ ಮಾಡಿತ್ತು. ಇಷ್ಟು ಹುಡುಕಿ, ಇಷ್ಟು ಹಟ ಮಾಡಿ ಬೆಟ್ಟದ ಬುಡಕ್ಕೆ ಬಂದು, ಮಂಚದಿಂದ ಅರ್ಧ ಬೆಟ್ಟ ನೋಡುತ್ತಾ ಬಿದ್ದಿದ್ದೇನಲ್ಲ ಎಂದು ನನ್ನನ್ನೇ ಬಯ್ದುಕೊಳ್ಳುತ್ತಿದ್ದೆ. ಈ ಮನೆಯಲ್ಲೇ ಇದ್ದು ಆ ಬಂಡೆ ಹತ್ತಬೇಕು ಎನ್ನುವುದೊಂದು ಬಿಟ್ಟರೆ ನನಗೆ ಇನ್ನೇನೂ ಬೇಕಿರಲಿಲ್ಲ.

ಕೊನೆಯ ಸಲ ಹೋದಾಗ ಮೂಗಿಗೆ ಆಮ್ಲಜನಕದ ಕೊಳವೆ ಬಂತು. ಆ ಸಲ ನೋಡಿದವರು ಶ್ವಾಸಕೋಶದ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಗೌರಿಬಿದನೂರಿನವರಂತೆ. ಹಳೆಯ ಕಾಗದಗಳನ್ನೆಲ್ಲ ನೋಡಿ ಬದಿಗಿಟ್ಟು ಮಂಚದ ಅಂಚಿನಲ್ಲಿ ಕೂತರು.

"ಮನೆ ಎಲ್ಲಿದೆ? ಹೇಗಿದೆ, ಹೇಳಿ."

ನನಗೆ ಖುಷಿಯಾಯಿತು. ಮೊದಲನೇ ಸಲ ಯಾರೋ ನನ್ನ ಮನೆಯ ಬಗ್ಗೆ ಕೇಳಿದ್ದರು. ತುಂಡು ತುಂಡು ಉಸಿರಿನಲ್ಲೇ ವರ್ಣಿಸಿದೆ. ತೋಟ, ಏರಿ, ತೋಪು, ಬೆಟ್ಟ. ಗಾಳಿಯಂತೂ ಕೇಳಲೇಬೇಡಿ ಡಾಕ್ಟ್ರೇ, ಅಂದೆ. ಸೊಳ್ಳೆ ಬತ್ತಿ ಕೂಡ ಹಚ್ಚಲ್ಲ, ಊದುಬತ್ತಿ ಕೂಡ ಇಲ್ಲ. ಯಾಕಂದ್ರೆ ಪಕ್ಕದಲ್ಲೇ ಹುಳದ ಮನೆ.

ಅವರ ಪೆನ್ನು ನಿಂತಿತು.

"ಎಷ್ಟು ಪಕ್ಕ?"

"ಕಿಟಕಿ ತೆಗೆದ್ರೆ ಅದೇ."

"ಒಳಗೆ ಹೋಗ್ತೀರಾ?"

"ದಿನಾ. ಹುಷಾರಿಲ್ಲದಾಗ ಇನ್ನೂ ಜಾಸ್ತಿ. ಅಲ್ಲೇ ಕೂತ್ಕೋತೀನಿ, ಗಾಳಿ ಚೆನ್ನಾಗಿರುತ್ತೆ ಅಂತ."

ಅವರು ಪೆನ್ನನ್ನು ಜೇಬಿಗೆ ಹಾಕಿದರು. ನನ್ನ ಕೈ ಮೇಲೆ ಕೈಯಿಟ್ಟರು. ಡಾಕ್ಟರುಗಳು ಸುಮ್ಮಸುಮ್ಮನೆ ಕೈ ಹಿಡಿಯುವುದಿಲ್ಲ.

"ನಮ್ಮ ಅತ್ತೆ ಮನೇಲೂ ಹುಳ ಇದೆ. ನಮ್ಮೂರಲ್ಲಿ ಹೀಗೆ ಯಾರಾದ್ರೂ ಅಂದ್ಕೊಳ್ಳೋದು ಸಹಜಾನೇ" ಅಂದರು. "ಆದ್ರೆ ಆ ಗಾಳಿ ಹುಳಕ್ಕೆ ಒಳ್ಳೇದು, ನಿಮಗಲ್ಲ. ಹುಳದ ಮೈ, ಕಸ, ಹಿಕ್ಕೆ, ಗೂಡು, ಎಲ್ಲದರ ಧೂಳೂ ನಿಮ್ಮ ಶ್ವಾಸಕೋಶಕ್ಕೆ ಒಗ್ತಿಲ್ಲ. ಬಹಳ ಜನಕ್ಕೆ ಏನೂ ಆಗಲ್ಲ. ನಿಮಗೆ ಆಗಿದೆ."

"ಆದ್ರೆ ಅಲ್ಲಿ ಕೂತಾಗ ನಂಗೇನೂ ಆಗ್ತಿರಲಿಲ್ಲ."

"ತಕ್ಷಣ ಆಗಲ್ಲ. ಗಂಟೆಗಟ್ಟಲೆ ಆದ್ಮೇಲೆ ಶುರುವಾಗುತ್ತೆ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ."

ಅವರು ಆ ಕಾಯಿಲೆಗೆ ಹೇಳಿದ ಹೆಸರು ಇಂಗ್ಲಿಷಿನಲ್ಲಿ ಬಹಳ ಉದ್ದವಿತ್ತು. ಇಲ್ಲಿ ಬರೆಯುವುದಿಲ್ಲ. ಬೇಕಾದವರಿಗೆ ಅವರವರ ಡಾಕ್ಟರು ಹೇಳುತ್ತಾರೆ. ಪರೀಕ್ಷೆಗಳೂ ಅದನ್ನೇ ಹೇಳಿದವು. ನಾನು ಕೇಳಿದ್ದು ಒಂದೇ, ಮನೆಗೆ ಯಾವಾಗ ಹೋಗಬಹುದು?

"ಆ ಮನೆಗಾ? ಹೋಗೋ ಹಾಗಿಲ್ಲ ಮೇಡಂ."

ಕಿಟಕಿ ಮುಚ್ಚಿಕೊಳ್ಳುತ್ತೇನೆ ಅಂದೆ. ಮಾಸ್ಕ್ ಹಾಕಿಕೊಳ್ಳುತ್ತೇನೆ ಅಂದೆ. ಹುಳದ ಮನೆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದೆ. ಪರೀಕ್ಷೆಯಲ್ಲಿ ಫೇಲಾದ ನನ್ನ ವಿದ್ಯಾರ್ಥಿಗಳು ಅಂಕಕ್ಕೆ ಗೋಗರೆಯುವ ಹಾಗೆ ಗೋಗರೆದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಆಗಲೇ ಒಳಗೆ ಸ್ವಲ್ಪ ಗಾಯ ಗಟ್ಟಿಯಾಗಿದೆ, ಅದು ವಾಪಸ್ಸು ಮೆತ್ತಗಾಗುವುದಿಲ್ಲ, ಇನ್ನಷ್ಟು ಆಗದಂತೆ ನೋಡಿಕೊಳ್ಳಬೇಕು ಅಂದರು. ಮತ್ತೆ ಬೆಟ್ಟ ಹತ್ತಬಹುದಾ ಎಂದು ಕೇಳಲು ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ. ಗಿರೀಶ ಕಿಟಕಿಯ ಹತ್ತಿರ ನಿಂತು ಆಕಾಶ ನೋಡುತ್ತಿದ್ದ. ಆ ದಿನ ಅವನು ಅಳು ನುಂಗುತ್ತಿದ್ದಾನೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅಮ್ಮ ಮಾತ್ರ, "ಹಂಗಾದ್ರೆ ಸೈಕಲ್ಲು ಅಲ್ವಾ?" ಎಂದು ಮೆಲ್ಲಗೆ ಕೇಳಿದಳು. ತಪ್ಪು ಯಾರ ಮೇಲೆ ಹಾಕುವುದೆಂದು ಅವಳಿಗೂ ದಿಕ್ಕು ತೋಚಲಿಲ್ಲ.

ರತ್ನಮ್ಮನಿಗೆ ಹೇಳಲು ಗಿರೀಶನೇ ಹೋದ. ಮಾರನೇ ದಿನ ಅವರು, ಆಂಜನಪ್ಪ ಇಬ್ಬರೂ ಬೆಂಗಳೂರಿಗೆ ಬಂದರು. ವಾರ್ಡಿನ ಬಾಗಿಲ ಹೊರಗೇ ನಿಂತರು. ಕೈಯಲ್ಲಿ ಅವರೆಕಾಯಿಯ ಚೀಲ. ನರ್ಸು ಅದನ್ನು ಒಳಗೆ ಬಿಡಲಿಲ್ಲ.

ಆಂಜನಪ್ಪ ಹೆಚ್ಚು ಮಾತಿನವರಲ್ಲ. ಬಾಗಿಲಿನಿಂದಲೇ ಕೂಗಿ ಹೇಳಿದರು. "ಟೀಚರಮ್ಮ, ಹುಳ ನಿಲ್ಲಿಸಿಬಿಡಣ ಅಂತ ಮಾತಾಡ್ಕೊಂಡಿದೀವಿ. ಟೊಮೇಟೊ ಹಾಕ್ತೀವಿ. ನೀವು ವಾಪಸ್ ಬನ್ನಿ."

ಅವರು ನಿಜವಾಗಿಯೂ ನಿಲ್ಲಿಸುವವರೇ. ಅದೇ ನನಗೆ ತಡೆಯಲಾಗದ್ದು. ಆದರೆ ಅವರು ನಿಲ್ಲಿಸಿದರೆ ಆಚೆ ಮನೆಯವರದು ಇತ್ತು, ಅದರಾಚೆಯವರದು ಇತ್ತು. ಆ ಊರಲ್ಲಿ ಹುಳವಿಲ್ಲದ ಮನೆ ಎಂದರೆ ಬಸ್ ಸ್ಟ್ಯಾಂಡಿನ ತಂಗುದಾಣವೊಂದೇ. ಬೆಟ್ಟ ಬೇಕೆಂದರೆ ತೋಟ ದಾಟಬೇಕು, ತೋಟವಿದ್ದಲ್ಲೆಲ್ಲ ಹುಳ. ಯಾರನ್ನು ಬಯ್ಯಲಿ? ಹುಳ ಯಾವ ತಪ್ಪೂ ಮಾಡಿರಲಿಲ್ಲ. ರತ್ನಮ್ಮ ಬಾಗಿಲು ತೆರೆದದ್ದು ನನಗೆ ಗಾಳಿ ಬರಲೆಂದು. ನಾನು ಹೋಗಿ ಕೂತದ್ದು ಬದುಕಲೆಂದು. ಎಲ್ಲರೂ ಒಳ್ಳೆಯದನ್ನೇ ಮಾಡಿ ಹೀಗಾದರೆ ಏನು ಮಾಡುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮತ್ತೆ ಮನೆ ಹುಡುಕಿದೆವು. ಈ ಸಲ ಗಿರೀಶನೊಬ್ಬನೇ ಓಡಾಡಿದ. ನನ್ನ ಪರವಾಗಿ ಅದೇ ಬ್ರೋಕರ್ ಹತ್ತಿರ, ಹಿಪ್ಪುನೇರಳೆ ಕಾಣದ ಮನೆ ಬೇಕೆಂದು ಕೇಳಿದನಂತೆ. ಶಿಡ್ಲಘಟ್ಟ ಚಿಂತಾಮಣಿ ಕಡೆ ಅಂಥದ್ದು ಸಿಗುವುದು ಕಷ್ಟ, ಮೇಡಂಗೆ ಹೇಳಿ ಅಂದರಂತೆ ಅವರು. ಯಲಹಂಕಕ್ಕೇ ವಾಪಸ್ಸು ಹೋಗೋಣ ಎಂದು ಅಮ್ಮ ಅಂದಳು. ಅಲ್ಲಿಂದ ಯಾವ ಬೆಟ್ಟವೂ ಕಾಣುವುದಿಲ್ಲ ಎಂದು ನಾನು ಮಗುವಿನ ಹಾಗೆ ಅತ್ತೆ. ಆಗ ಗಿರೀಶನಿಗೆ ಪೆರೇಸಂದ್ರದ ಮನೆ ನೆನಪಾಯಿತು. ಇನ್ನೂ ಖಾಲಿ ಇತ್ತು. ಇಲ್ಲದೆ ಏನು, ಆ ಹೊಗೆಯಲ್ಲಿ ಯಾರಿರುತ್ತಾರೆ?

ನಾವಿದ್ದೇವೆ. ಲಾರಿಗಳು ಕಿಟಕಿ ಅಲುಗಿಸಿಕೊಂಡು ಹೋಗುತ್ತವೆ. ಒಂದು ಪಕ್ಕ ಟಯರ್ ಅಂಗಡಿ, ಇನ್ನೊಂದು ಪಕ್ಕ ಎಣ್ಣೆ ತಿಂಡಿಯ ಅಂಗಡಿ. ಇದೂ ಒಳ್ಳೆಯ ಗಾಳಿಯೇನಲ್ಲ ಎಂದು ಡಾಕ್ಟರು ಮುಖ ಹಿಂಡಿದರು, ಆದರೆ ಸಂಜೆಯ ನಡುಕ ನಿಂತಿತು. ಮಾತ್ರೆಗಳಿಂದ ಮುಖ ಊದಿ ಚಂದ್ರನ ಹಾಗಾಗಿ, ಮತ್ತೆ ಇಳಿಯಿತು. ಮಹಡಿಯ ಮೇಲೆ ನಿಂತರೆ ದೂರದಲ್ಲಿ ಬೆಟ್ಟದ ಸಾಲು ಕಾಣುತ್ತದೆ, ಅರ್ಧವಲ್ಲ, ಪೂರ್ತಿ. ಸೈಕಲ್ಲಿಗೆ ಹೊದಿಸಿದ ಸೀರೆಯನ್ನು ಅಮ್ಮನೇ ತೆಗೆದಳು. ನಾನು ಸರ್ವೀಸ್ ರಸ್ತೆಯ ನುಣುಪು ಟಾರಿನ ಮೇಲೆ ಪೆಟ್ರೋಲ್ ಬಂಕಿನವರೆಗೆ ಹೋಗಿ ಬರುತ್ತೇನೆ, ಅತ್ಯಂತ ಹಗುರ ಗೇರಿನಲ್ಲಿ. ಒಂದು ಸಲ ನಡೆಯುವವರೊಬ್ಬರು ನನ್ನನ್ನು ದಾಟಿ ಹೋದರು. ಮಹಡಿ ಹತ್ತುವಾಗ ನಡುವೆ ನಿಲ್ಲಬೇಕು. ಪಾಠ ಮಾಡುವಾಗ ವಾಕ್ಯದ ನಡುವೆ ನಿಲ್ಲಬೇಕು, ಮಕ್ಕಳು ಕಾಯುತ್ತಾರೆ, ಪುಣ್ಯಾತ್ಮರು. ಜೋರಾಗಿ ನಕ್ಕರೆ ಕೆಮ್ಮು ಹತ್ತಿಕೊಳ್ಳುತ್ತದೆ, ಹತ್ತಿಕೊಂಡರೆ ಬೇಗ ಬಿಡುವುದಿಲ್ಲ. ಹಾಗಾಗಿ ನಗುವುದನ್ನೂ ಹಗುರ ಗೇರಿನಲ್ಲೇ ಮಾಡುತ್ತೇನೆ. ಇದನ್ನು ಓದುತ್ತಿರುವ ಯಾರಾದರೂ ಹೀಗೇ ಮೆಟ್ಟಿಲ ನಡುವೆ ನಿಂತಿದ್ದರೆ, ನಾನೂ ನಿಂತಿದ್ದೇನೆ ಎಂದು ತಿಳಿಸುವುದಕ್ಕೆ ಇಷ್ಟು ಬರೆದೆ. ಅದಕ್ಕಿಂತ ಹೆಚ್ಚಿನ ಧೈರ್ಯ ನನ್ನ ಹತ್ತಿರವಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ರತ್ನಮ್ಮ ಬಂದರು.

ಬಾಗಿಲು ತೆರೆದರೆ ಅವರು ಗೇಟಿನ ಹೊರಗೆ ನಿಂತಿದ್ದರು. ಬನ್ನಿ ಅಂದರೆ ಬರಲಿಲ್ಲ. ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟರು. ಗೇಟಿನ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದರು, ಕೈ ತೊಳೆದರು, ಮೊಣಕೈವರೆಗೆ ಉಜ್ಜಿ ತೊಳೆದರು. ಮುಡಿಯಲ್ಲಿ ಹೂವಿರಲಿಲ್ಲ. ಸೀರೆ ಹೊಚ್ಚ ಹೊಸದು, ಅಂಗಡಿಯ ಮಡಿಕೆಗಳು ಇನ್ನೂ ಗಟ್ಟಿಯಾಗಿದ್ದವು.

"ಏನ್ ರತ್ನಮ್ಮ ಇದು?"

"ನಿನ್ನೆ ಚಿಕ್ಕಬಳ್ಳಾಪುರದಲ್ಲಿ ಮಗಳ ಮನೇಲಿ ಉಳ್ಕೊಂಡೆ ಕಣಮ್ಮ. ಅಲ್ಲಿ ಹುಳ ಇಲ್ಲ. ಎರಡು ಸಲ ತಲೆಗೆ ನೀರು ಹಾಕ್ಕೊಂಡೆ. ಸೀರೆ ಅವಳೇ ಅಂಗಡಿಯಿಂದ ತಂದ್ಲು, ನಮ್ಮನೆ ಬೀರು ಮುಟ್ಟಿಲ್ಲ." ಹೊಸ್ತಿಲ ಹತ್ತಿರ ಬಂದು ಅಲ್ಲೇ ಮೆಟ್ಟಿಲ ಮೇಲೆ ಕೂತರು, ಒಳಗೆ ಕಾಲಿಡಲಿಲ್ಲ. "ಬರಿಗೈಲಿ ಬಂದೆ. ಅವರೆಕಾಯಿ ಕಿತ್ತಿದ್ದೆ, ಆಮೇಲೆ ಬಿಟ್ಟುಬಂದೆ. ನಮ್ಮನೇಲಿರೋ ಯಾವ ವಸ್ತು ತಂದ್ರೂ ಅದರ ಧೂಳು ಇರುತ್ತೇನೋ ಅಂತ. ಹುಷಾರಿಲ್ಲದೋರ ಮನೆಗೆ ಬರಿಗೈಲಿ ಬರೋದು ಇದೇ ಫಸ್ಟು ನಾನು."

ಒಳಗೆ ಬನ್ನಿ ಎಂದು ಕೈ ಹಿಡಿದು ಎಳೆದೆ. ಅವರು ಕೈ ಬಿಡಿಸಿಕೊಂಡರು.

"ಬೇಡ ಇರು. ಎಷ್ಟು ಜನಾನ ನಾನು ಹುಳದ ಮನೆ ಬಾಗಿಲಲ್ಲಿ ನಿಲ್ಲಿಸಿದೀನಿ. ನಿನ್ನೂ ನಿಲ್ಲಿಸಿದ್ದೆ, ನೆನಪೈತಾ? ಈಗ ನನ್ನ ಸರದಿ." ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ ನೀನೂ ನಂ ಹುಳ ಇದ್ದಂಗೇ ಅಲ್ವೇನೇ. ಸೆಂಟ್ ಆಗಲ್ಲ, ಹೊಗೆ ಆಗಲ್ಲ, ಗಟ್ಟಿಯಾಗಿ ಮಾತಾಡಂಗಿಲ್ಲ. ಇನ್ನೊಂದು ಜ್ವರ ಎದ್ರೆ ಗೂಡು ಕಟ್ತೀಯ. ನಿಮ್ಮೆಜಮಾನ್ರಿಗೆ ಹೇಳು, ಶಿಡ್ಲಘಟ್ಟ ಗೂಡಿನ ಮಾರ್ಕೆಟ್ಟಿಗೆ ತಗೊಂಡು ಹೋಗಲಿ, ಒಳ್ಳೆ ರೇಟ್ ಬರುತ್ತೆ."

ನಾನು ನಕ್ಕೆ. ಹಗುರ ಗೇರು ಮರೆತು ನಕ್ಕೆ. ಆ ಊರು ಬಿಟ್ಟ ಮೇಲೆ ಅಷ್ಟು ಜೋರಾಗಿ ನಕ್ಕಿದ್ದೇ ಇಲ್ಲ.

ನಗು ಅರ್ಧದಲ್ಲೇ ಕೆಮ್ಮಾಯಿತು. ಬಾಗಿಲು ಹಿಡಿದುಕೊಂಡು ಬಗ್ಗಿದೆ, ಕಣ್ಣಲ್ಲಿ ನೀರು ಬಂತು, ನಿಲ್ಲಲಿಲ್ಲ. ತಲೆ ಎತ್ತಿದಾಗ ರತ್ನಮ್ಮ ಎದ್ದು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ತಮ್ಮ ಹೊಸ ಸೀರೆಯನ್ನು ನೋಡಿಕೊಂಡರು, ತೊಳೆದ ಕೈಗಳನ್ನು ನೋಡಿಕೊಂಡರು, ಹಿಂದೆ ಹಿಂದೆ ಸರಿದು ಮೆಟ್ಟಿಲಿಳಿದರು.

ಅಲ್ಲ ಎಂದು ಕೈ ಆಡಿಸಿದೆ. ಹುಳದಿಂದ ಬರುವುದಾದರೆ ಗಂಟೆಗಟ್ಟಲೆ ಆಗಬೇಕು, ಹೀಗೆ ತಕ್ಷಣ ಬರುವುದಿಲ್ಲ, ಇದು ನಿಮ್ಮಿಂದ ಬಂದದ್ದಲ್ಲ ಎಂದು ಹೇಳಬೇಕಿತ್ತು. ಒಂದು ಪದಕ್ಕೂ ಉಸಿರಿರಲಿಲ್ಲ. ನಾನು ಕೈ ಆಡಿಸಿದ್ದು ಅವರಿಗೆ ಹೋಗಿ ಎಂದಂತೆ ಕಂಡಿತೋ ಏನೋ. ಗೇಟು ದಾಟಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ರಸ್ತೆಯ ಆಚೆ ಬದಿಗೆ ಹೋಗಿ ಬಿಸಿಲಲ್ಲಿ ನಿಂತರು. ನಾನು ಗೇಟಿನವರೆಗೆ ಹೋದೆ. ಅವರು ಎರಡೂ ಕೈ ಎತ್ತಿ, ಬರಬೇಡ, ಒಳಗೆ ಹೋಗು ಎಂದು ಸನ್ನೆ ಮಾಡಿದರು. ನಡುವೆ ಲಾರಿಗಳು ಹೋಗುತ್ತಿದ್ದವು. ಲಾರಿ ದಾಟಿದಾಗೆಲ್ಲ ಅವರು ಕಾಣುತ್ತಿದ್ದರು, ಕೈ ಅದೇ ಸನ್ನೆಯಲ್ಲಿ ಇರುತ್ತಿತ್ತು. ಚಿಕ್ಕಬಳ್ಳಾಪುರದ ಬಸ್ಸು ಬಂತು. ಹೋಯಿತು. ಆಚೆ ಬದಿ ಖಾಲಿಯಾಗಿತ್ತು.

ಆಮೇಲೆ ಉಸಿರು ಬಂತು. ಗೇಟು ಹಿಡಿದುಕೊಂಡೇ, ರಸ್ತೆಗೆ ಹೇಳಿದೆ, "ನಗು ಬಂತು ರತ್ನಮ್ಮ. ನಗು ಬಂತು, ಅಷ್ಟೇ."